ಪುರಾವೆ ಮಾಮನ ಒಂದೇ ಕೀ

ಸುತ್ತಲಿನ ಹತ್ತು ಬೀದಿಗಳ ಕಾರುಗಳಿಗೆ ಕೀ ಮಾಡಿಕೊಟ್ಟ ಮನುಷ್ಯ, ತನ್ನ ಕಾರಿಗಿದ್ದ ಒಂದೇ ಒಂದು ಕೀಯನ್ನು ಎಲ್ಲೋ ಬೀಳಿಸಿ ಹೊರಟುಹೋದ. ಅದೂ ಕೂಗಿ ಕೇಳಲಾಗದಷ್ಟು ದೂರ. ಈ ಸುದ್ದಿಯನ್ನು ಬೇರೆ ಯಾರ ಬಗ್ಗೆಯಾದರೂ ಹೇಳಿದ್ದರೆ ಅವನು ಕನ್ನಡಕವನ್ನು ಹಣೆಗೇರಿಸಿ, "ಕಾರು ಅವರದ್ದೇ ಅನ್ನೋಕೆ ಪುರಾವೆ ಏನಿದೆ?" ಅಂತ ಮೊದಲು ಕೇಳುತ್ತಿದ್ದ.

ಬೀದಿಯಲ್ಲಿ ಅವನ ಹೆಸರೇ ಪುರಾವೆ ಮಾಮ. ಆ ಹೆಸರಿಟ್ಟವನು ಎದುರಂಗಡಿಯವನು. ರಸ್ತೆಯ ಆಚೆ ಬದಿಯಲ್ಲಿ ಅದೇ ಕಸುಬಿನ ಅಂಗಡಿ ಅವನದು. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡಾಗ ಮೂವತ್ತು ದಾಟಿದ್ದ ಅವನನ್ನು ಮಾಮ ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ವರ್ಷ ಕೆಲಸ ಕಲಿಸಿದ್ದ. ಕಲಿತವನು ಮಾಡಿದ ಮೊದಲ ಕೆಲಸ, ಗುರುವಿನ ಮೂಗಿನ ನೇರಕ್ಕೆ ಅಂಗಡಿ ಇಟ್ಟದ್ದು. ಉಂಡ ಮನೆಗೆ ಎರಡು ಬಗೆದ ಎಂದು ಜನ ಆಡಿಕೊಂಡರು. ಮಾಮ ಮಾತ್ರ ತನ್ನ ಹಳೆಯ ಕೀ ಕತ್ತರಿಸುವ ಯಂತ್ರವನ್ನು ತಾನೇ ಹೊತ್ತು ರಸ್ತೆ ದಾಟಿಸಿ ಕೊಟ್ಟು, "ಎದುರಿಗೇ ಇರು. ಕಣ್ಣಿಗೆ ಕಾಣ್ತಿದ್ರೆ ಬೈಯೋಕೆ ಅನುಕೂಲ" ಅಂದಿದ್ದ. ಇಪ್ಪತ್ತಾರು ವರ್ಷ ಆ ಅನುಕೂಲವನ್ನು ಒಂದು ದಿನವೂ ಬಿಡದೆ ಬಳಸಿಕೊಂಡ.

ಪುರಾವೆಯ ಕಥೆ ಶುರುವಾದದ್ದು ಮಾಮ ಅಂಗಡಿ ತೆರೆದ ಎರಡನೇ ವರ್ಷ. ಇಸ್ತ್ರಿ ಅಂಗಿಯ ಒಬ್ಬ ಸಂಭಾವಿತ ಬಂದು, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಕೀ ಕಾರಿನೊಳಗೆ ಉಳಿದುಬಿಟ್ಟಿದೆ ಎಂದು ಕಣ್ಣು ಒದ್ದೆ ಮಾಡಿಕೊಂಡ. ಮಾಮ ಓಡಿಹೋಗಿ ಎರಡೇ ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟ. ಸಂಭಾವಿತ ಕೈಮುಗಿದು ಹೊರಟ ಅರ್ಧ ಗಂಟೆಗೆ ಕಾರಿನ ನಿಜವಾದ ಮಾಲೀಕ ಬಂದ. ಆ ದಿನದ ಉಳಿದ ಹೊತ್ತನ್ನು ಮಾಮ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕಳೆದ. ಅಲ್ಲಿಂದ ಎದ್ದು ಬಂದವನ ಬಾಯಲ್ಲಿ ಉಳಿದದ್ದು ಒಂದೇ ಪದ, ಪುರಾವೆ.

ಆದರೆ ಪುರಾವೆ ಕೇಳುವುದೂ ಸುಲಭವಲ್ಲ. ಕಾರಿನ ಕಾಗದಪತ್ರ ಇರುವುದು ಕಾರಿನೊಳಗೆ. ಬಾಗಿಲು ತೆಗೆದರೆ ತೋರಿಸುತ್ತೇನೆ ಎಂದು ಗಿರಾಕಿ, ತೋರಿಸಿದರೆ ತೆಗೆಯುತ್ತೇನೆ ಎಂದು ಇವನು. ಹೀಗೆ ಬಿಸಿಲಲ್ಲಿ ನಿಂತು ಹತ್ತಾರು ಜಗಳ ಆದಮೇಲೆ ಮಾಮ ತನ್ನದೇ ಒಂದು ದಾರಿ ಹುಡುಕಿಕೊಂಡ. ಹೊರಗಿನಿಂದ ಕಾಣದ ಮೂರು ವಸ್ತು ಹೇಳಿ. ಬಾಗಿಲು ತೆಗೆಯುತ್ತೇನೆ, ಮೂರೂ ಇದ್ದರೆ ಕಾರು ನಿಮ್ಮದು, ಇಲ್ಲದಿದ್ದರೆ ಮತ್ತೆ ಮುಚ್ಚುತ್ತೇನೆ.

ಕೇಳಲು ಸಲೀಸು. ಆದರೆ ತಮ್ಮ ಕಾರಿನೊಳಗೆ ಏನಿದೆ ಎಂದು ಗೊತ್ತಿರುವವರು ಎಷ್ಟು ಕಡಿಮೆ ಎಂಬುದು ಮಾಮನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಬ್ಬ ಗಂಡ, ಪಕ್ಕದಲ್ಲಿ ಹೆಂಡತಿ ನಿಂತಿದ್ದಾಳೆ, "ಸ್ಟೆಪ್ನಿ, ಜಾಕು, ಸ್ಪ್ಯಾನರ್" ಅಂತ ಗಿಳಿಪಾಠ ಒಪ್ಪಿಸಿದ.

"ಅದು ಎಲ್ಲಾ ಕಾರಲ್ಲೂ ಇರುತ್ತೆ ಸ್ವಾಮಿ. ನಿಮ್ಮ ಕಾರಲ್ಲಿ ಮಾತ್ರ ಇರೋದು ಹೇಳಿ."

ಗಂಡ ಹೆಂಡತಿಯ ಮುಖ ನೋಡಿದ. ಆಮೇಲೆ ಮಾಮನ ಮುಖ ನೋಡಿದ. ಆಮೇಲೆ ಆಟೋ ಕರೆದ. ಮರುದಿನ ಬೆಳಿಗ್ಗೆ ಒಬ್ಬನೇ ಬಂದು ಮೂರೂ ಹೇಳಿದ, ಅದೂ ಮಾಮನ ಕಿವಿಯಲ್ಲಿ. ಇನ್ನೊಮ್ಮೆ ದೊಡ್ಡ ಅಧಿಕಾರಿಯೊಬ್ಬರು ಎರಡು ಹೇಳಿ ಮೂರನೆಯದಕ್ಕೆ ತಡವರಿಸಿದರು. ಮಾಮ ಕಡ್ಡಿ ಮುರಿದಂತೆ ಹೇಳಿದ. "ಎರಡು ಊಹೆ ಆಗಬಹುದು ಸಾರ್. ಮೂರು ಊಹೆ ಆಗಲ್ಲ."

ಅಧಿಕಾರಿ ಕೆಂಪಗಾಗಿ ಸೀದಾ ರಸ್ತೆ ದಾಟಿದರು. ಎದುರಂಗಡಿಯವನಿಗೆ ಇಂಥ ಮಡಿ ಇರಲಿಲ್ಲ. ಒಂದು ಗುರುತಿನ ಚೀಟಿ ನೋಡಿದರೆ ಅವನ ಮನಸ್ಸು ತಣ್ಣಗಾಗುತ್ತಿತ್ತು. ಅವನ ಅರ್ಧ ವ್ಯಾಪಾರ ಮಾಮ ಬೈದು ಕಳಿಸಿದವರಿಂದಲೇ ನಡೆಯುತ್ತಿತ್ತು.

"ಅಣ್ಣಾ, ನಿಮ್ದು ಕೀ ಅಂಗಡಿನೋ ಕೋರ್ಟೋ?" ಎಂದು ಅವನು ಚಹಾ ಹಿಡಿದು ಬಂದಾಗಲೆಲ್ಲ ಕೆಣಕುತ್ತಿದ್ದ.

"ಕೀ ಮಾಡೋದು ಯಂತ್ರ ಕಣಯ್ಯ. ಅದು ನಿನ್ನ ಹತ್ರಾನೂ ಇದೆ. ಯಾರಿಗೆ ಮಾಡೋದು ಅನ್ನೋದಷ್ಟೇ ನನ್ನ ಕೆಲಸ."

ಅಂಗಡಿಯೊಳಗೆ ಇನ್ನೊಂದು ಪದ್ಧತಿ ಇತ್ತು. ಮಾಮನಿಗೆ ಹೆಸರುಗಳು ನೆನಪಿರುತ್ತಿರಲಿಲ್ಲ. ತಯಾರಾದ ಪ್ರತಿ ಕೀಗೂ ಒಂದು ರಟ್ಟಿನ ಚೀಟಿ ಕಟ್ಟಿ, ಅದರ ಮೇಲೆ ತಾರೀಖು, ಗಿರಾಕಿಯ ಗುರುತು, ಕೊನೆಗೆ ಅವಸರ ಅಥವಾ ಅವಸರವಿಲ್ಲ ಅಂತ ಬರೆಯುತ್ತಿದ್ದ. "ಬಿಳಿ ಕಾರು, ಕೆಮ್ಮುವ ವಕೀಲರು, ಅವಸರ." "ಹಲ್ಲಿನ ಡಾಕ್ಟರ್, ರಿಮೋಟ್ ನಾಯಿ ಕಚ್ಚಿದ್ದು, ಅವಸರ." ಅವಸರವಿಲ್ಲ ಎಂಬ ಚೀಟಿ ವರ್ಷಕ್ಕೆ ಎರಡೋ ಮೂರೋ. ಅವಸರದ ಕೀಗಳನ್ನು ಯಂತ್ರದಿಂದ ತೆಗೆದು ಹಾಗೇ ಕೊಡುತ್ತಿದ್ದ. ಅವಸರವಿಲ್ಲ ಅಂದವರ ಕೀಯನ್ನು ಮಾತ್ರ ಸಣ್ಣ ಅರದಲ್ಲಿ ಅರ್ಧ ದಿನ ಉಜ್ಜುತ್ತಿದ್ದ, ಬೆರಳ ತುದಿಯಿಂದ ಹಲ್ಲು ಹಲ್ಲೂ ಸವರಿ ನೋಡುತ್ತಿದ್ದ. ಆ ಕೀಗಳು ಬೀಗದೊಳಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗುತ್ತಿದ್ದವು. ಒಂದೇ ತೊಂದರೆ, ಅವು ಗಿರಾಕಿಯ ಕೈ ಸೇರಲು ಎಷ್ಟು ದಿನ ಬೇಕಾಗುತ್ತದೆಂದು ಹೇಳಲು ಬರುತ್ತಿರಲಿಲ್ಲ. ಅವರೇ ಬಂದು ಕೇಳುವವರೆಗೂ ಮಾಮ ಕೊಡುತ್ತಿರಲಿಲ್ಲ. ಅವಸರವಿಲ್ಲ ಅಂದವರನ್ನು ಅವಸರಪಡಿಸುವುದು ಅವನ ಪ್ರಕಾರ ಮರ್ಯಾದೆಯಲ್ಲ.

ಗೋಡೆಯ ಮೇಲೆ ಮಾಮನ ಕೈಬರಹದ ಒಂದು ಬೋರ್ಡೂ ಇತ್ತು. "ಎರಡನೇ ಕೀಯನ್ನು ಕಾರಿನೊಳಗೆ ಇಡಬೇಡಿ. ಇಟ್ಟವರಿಗೆ ಬೈಗುಳ ಉಚಿತ."

ಇಷ್ಟೆಲ್ಲ ಬುದ್ಧಿ ಹೇಳುವವನ ಸ್ವಂತ ಕಾರು ಅಂಗಡಿಯ ಮುಂದೆಯೇ ನಿಂತಿರುತ್ತಿತ್ತು. ಬಣ್ಣ ಒಂದು ಕಾಲಕ್ಕೆ ನೀಲಿ. ಕಂಪನಿ ಆ ಮಾದರಿಯನ್ನು ಮರೆತು ಯಾವ ಕಾಲವಾಯಿತೋ. ಅದಕ್ಕಿದ್ದದ್ದು ಒಂದು ಕೀ. ಅದರ ಹಲ್ಲುಗಳು ಸವೆದು ಸವೆದು ಮುದುಕರ ಬಾಯಾಗಿದ್ದವು. ಒಳಗೆ ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೆಳೆದು, ಎಡಕ್ಕೆ ಒತ್ತಿ ತಿರುಗಿಸಬೇಕು. ರಿಮೋಟಿನ ಗುಂಡಿಯ ರಬ್ಬರು ಹರಿದುಹೋಗಿ ಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು. ದೀಪದ ಕೆಳಗೆ ಕತ್ತಲೆ ಅಂತಾರಲ್ಲ, ಇಲ್ಲಿ ಕತ್ತಲೆಗೆ ಟ್ಯೂಬನ್ನೂ ಸುತ್ತಿದ್ದರು.

"ಇನ್ನೊಂದು ಕೀ ಮಾಡಿ" ಎಂದು ಅವನ ಹೆಂಡತಿ ಹೇಳಲು ಶುರುಮಾಡಿದ್ದು ಕಾರು ಬಂದ ವಾರದಲ್ಲೇ.

"ಮಾಡೋಣ" ಎಂದು ಮಾಮ ಹೇಳಲು ಶುರುಮಾಡಿದ್ದೂ ಆಗಲೇ.

ಹೆಂಡತಿ ಶಾಲೆಯೊಂದರ ಗ್ರಂಥಾಲಯದಲ್ಲಿದ್ದವಳು. ಪುಸ್ತಕ ವಾಪಸ್ ಕೊಡದ ಮಕ್ಕಳನ್ನು ಒಂದೇ ನೋಟದಲ್ಲಿ ಅಳಿಸುತ್ತಿದ್ದಳಂತೆ. ಗಂಡನ ಮೇಲೆ ಆ ನೋಟ ನಡೆಯಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಲೈಸೆನ್ಸ್ ತಂದು ಅಂಗಡಿಯ ಕೌಂಟರಿನ ಮೇಲಿಟ್ಟಳು. ಎದುರಂಗಡಿಯವನು ಅಂದು ಅಲ್ಲೇ ಇದ್ದ.

"ಓಹೋ!" ಅಂದ ಮಾಮ. ಕನ್ನಡಕ ಹಾಕಿ ಫೋಟೋ ನೋಡಿದ. "ನೀನೇ ಅನ್ನೋಕೆ ಪುರಾವೆ ಏನು?"

ಎದುರಂಗಡಿಯವನು ನಕ್ಕ. ಅವಳು ನಗಲಿಲ್ಲ.

"ಈಗಲಾದ್ರೂ ನನಗೊಂದು ಕೀ ಮಾಡಿಕೊಡ್ತೀರಾ?"

"ಮಾಡೋಣ ಕಣೇ. ಏನು ಅವಸರ?"

"ಇಲ್ಲ. ಯಾವ ಅವಸರಾನೂ ಇಲ್ಲ" ಅಂದಳು ಅವಳು, ಲೈಸೆನ್ಸನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಇವತ್ತೇ ಕೊನೆ. ಇನ್ನು ನಾನು ಕೇಳಲ್ಲ."

ಕೇಳಲಿಲ್ಲ. ಒಂಬತ್ತು ವರ್ಷ ಪಕ್ಕದ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಾಮ ತಿರುವಿನಲ್ಲಿ ಜೋರಾಗಿ ಹೋದಾಗೆಲ್ಲ ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತಿದಳು. ಅವಳು ಲೈಸೆನ್ಸ್ ತಂದ ಮಾರನೇ ವಾರವೋ ಏನೋ, ಎದುರಂಗಡಿಯವನು ಹೊಸದಾಗಿ ತರಿಸಿದ್ದ ಯಂತ್ರವನ್ನು ಮಾಮ ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ಪಡೆದಿದ್ದ. ಕೀಯೊಳಗಿನ ಚಿಪ್ಪಿಗೂ ಎಂಜಿನ್ನಿಗೂ ಗುರುತು ಮಾಡಿಸುವ ಯಂತ್ರ ಅದು. ಆ ಗುರುತು ಆಗದಿದ್ದರೆ ಕೀ ಎಷ್ಟು ಚೆನ್ನಾಗಿ ತಿರುಗಿದರೂ ಎಂಜಿನ್ ಉಸಿರೆತ್ತುವುದಿಲ್ಲ.

"ಯಾರಿಗಣ್ಣಾ?"

"ಒಬ್ಬರು ಗಿರಾಕಿ. ಬಾಯೇ ಬಿಡಲ್ಲ. ಅದೇ ತೊಂದರೆ."

ಎದುರಂಗಡಿಯವನು ಅದನ್ನು ಅಂದೇ ಮರೆತ.

ಒಂದು ಬುಧವಾರ, ಮಧ್ಯಾಹ್ನ ಮೂರೂವರೆಗೆ, ಎದುರಂಗಡಿಯವನು ತಲೆಯೆತ್ತಿ ನೋಡಿದಾಗ ಮಾಮ ಕೌಂಟರಿನ ಮೇಲೆ ತಲೆಯಿಟ್ಟಿದ್ದ. ಕೈಯಲ್ಲಿ ಅರ ಇತ್ತು. ಊಟದ ಮೇಲೆ ಹೀಗೆ ಹತ್ತು ನಿಮಿಷ ಜೋಂಪು ಹತ್ತುವುದು ಇದ್ದದ್ದೇ. ಮಲಗಲಿ, ಎದ್ದಮೇಲೆ ಚಹಾ ಹೇಳೋಣ ಎಂದುಕೊಂಡು ಅವನು ಒಂದು ರಿಮೋಟಿನ ಕವಚ ಬಿಚ್ಚಲು ಕೂತ. ಇಪ್ಪತ್ತು ನಿಮಿಷ. ಆಮೇಲೆ ಕೂಗಿದ. ಆಮೇಲೆ ರಸ್ತೆ ದಾಟಿದ.

ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದಕ್ಕೆ ಪುರಾವೆ ಇಲ್ಲ.

ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಗಡಿಯಾರ, ಕನ್ನಡಕ, ಬಾಚಣಿಗೆ, ಅಂಗಡಿಯ ಬೀಗದಕೈ ಗೊಂಚಲು. ಕಾರಿನ ಕೀ ಇರಲಿಲ್ಲ. ಸ್ಟ್ರೆಚರಿನಲ್ಲೋ ಆಂಬುಲೆನ್ಸಿನಲ್ಲೋ ಬಿದ್ದಿರಬೇಕು. ವಿಚಾರಿಸಿದ ಕಡೆಯೆಲ್ಲ ಇಲ್ಲ ಅಂದರು. ಎದುರಂಗಡಿಯವನು ಎರಡು ದಿನ ತನ್ನ ಅಂಗಡಿ ಮುಚ್ಚಿ ಮಾಮನ ಅಂಗಡಿಯಲ್ಲಿ ಹುಡುಕಿದ. ಡಬ್ಬಿಗಳನ್ನು ಸುರಿದ, ಕೌಂಟರಿನ ಕೆಳಗೆ ಕಸಪೊರಕೆ ಆಡಿಸಿದ. ಸಾವಿರಕ್ಕೂ ಹೆಚ್ಚು ಕೀ ಸಿಕ್ಕವು. ಟ್ಯೂಬು ಸುತ್ತಿದ್ದು ಮಾತ್ರ ಸಿಗಲಿಲ್ಲ.

ಮಾಮನ ತಮ್ಮ ಆಫೀಸು ಕೆಲಸದ, ಅಚ್ಚುಕಟ್ಟು ಮನುಷ್ಯ. ಶೋರೂಮಿಗೆ ಫೋನ್ ಮಾಡಿ ಎಲ್ಲ ವಿಚಾರಿಸಿದ. ಒಂದಾದರೂ ಗುರುತಿರುವ ಕೀ ಇದ್ದರೆ ಇನ್ನೊಂದನ್ನು ಜೋಡಿಸಬಹುದು. ಒಂದೂ ಇಲ್ಲವೆಂದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯನ್ನೇ ಬದಲಿಸಬೇಕು. ಈ ಮಾದರಿಗೆ ಆ ಪೆಟ್ಟಿಗೆ ಈಗ ಬರುವುದೇ ಇಲ್ಲ. ಎದುರಂಗಡಿಯವನಿಗೂ ಇದು ಗೊತ್ತಿದ್ದ ವಿಷಯ. ಬೀಗ ನೋಡಿ ಕೀ ಕತ್ತರಿಸಿಕೊಡಬಲ್ಲ, ಬಾಗಿಲು ತೆರೆಯಬಲ್ಲ. ಎಂಜಿನ್ ಮಾತ್ರ ಯಾರ ಮಾತೂ ಕೇಳದು.

"ಹಾಗಾದ್ರೆ ಅದು ಕಾರಲ್ಲ, ತಗಡು" ಅಂದ ತಮ್ಮ. "ಅಂಗಡಿ ಮಾಲೀಕರು ಒಂದನೇ ತಾರೀಖಿನೊಳಗೆ ಜಾಗ ಬಿಡಿ ಅಂತಿದಾರೆ ಅತ್ತಿಗೆ. ಶನಿವಾರ ಗುಜರಿಯವರಿಗೆ ಹೇಳಿದೀನಿ."

"ಕಾರು ನಾನು ಇಟ್ಕೋತೀನಿ" ಅಂದಳು ಮಾಮನ ಹೆಂಡತಿ.

"ಇಟ್ಕೊಂಡು? ಎಲ್ಲಾದ್ರೂ ಹೋಗಬೇಕಂದ್ರೆ ನನಗೊಂದು ಫೋನ್ ಮಾಡಿ, ನಾನು ಕರ್ಕೊಂಡು ಹೋಗಲ್ವಾ?"

ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಚೀಲ ಹಿಡಿದು ಕೂರುವ ಚಿತ್ರ ಅವಳ ಮುಖದ ಮೇಲೆ ಹಾದುಹೋದದ್ದನ್ನು ಎದುರಂಗಡಿಯವನು ನೋಡಿದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಗುಜರಿಯವನ ಲಾರಿ ಬಂತು. ಹಗ್ಗ, ಕೊಕ್ಕೆ ಎಲ್ಲ ತಯಾರು. ಅವಳು ರಸ್ತೆ ದಾಟಿ ಎದುರಂಗಡಿಗೆ ಬಂದಳು.

"ಬಾಗಿಲಾದ್ರೂ ತೆಗೆದುಕೊಡಪ್ಪ. ಅವರ ಸಾಮಾನು ಏನಿದೆಯೋ ತಗೋತೀನಿ."

ಎದುರಂಗಡಿಯವನು ಗಾಳಿ ತುಂಬಿಸುವ ಚಿಕ್ಕ ಚೀಲ, ಉದ್ದನೆಯ ಸರಳು ತಗೊಂಡು ಬಂದು ಮಾಮನ ಕಾರಿನ ಬಾಗಿಲ ಬಳಿ ಮಂಡಿಯೂರಿದ. ಸಂದಿಯಲ್ಲಿ ಚೀಲ ತೂರಿಸಿದ. ಇನ್ನು ಗಾಳಿ ಒತ್ತುವುದಷ್ಟೇ ಬಾಕಿ. ಕೈ ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷ ಅವನು ಗುರುತಿನ ಚೀಟಿ ಬಿಟ್ಟು ಬೇರೇನೂ ಕೇಳದೆ ಬಾಗಿಲು ತೆರೆದಿದ್ದ. ಈಗ ಬಾಯಿಂದ ತಾನಾಗಿಯೇ ಮಾತು ಬಂತು.

"ಅತ್ತಿಗೆ... ಹೊರಗಿಂದ ಕಾಣದ್ದು ಮೂರು ಹೇಳಿ."

"ಏನ್ರೀ ಇದು ಹುಡುಗಾಟ?" ಮಾಮನ ತಮ್ಮ ಮುಂದೆ ಬಂದ. "ಅವರ ಹೆಂಡತಿ ಕಣ್ರೀ! ಗುರುತಿಲ್ವಾ ನಿಮಗೆ?"

ಎದುರಂಗಡಿಯವನಿಗೆ ನಾಚಿಕೆಯಾಯಿತು. ಕ್ಷಮಿಸಿ ಅನ್ನಲು ತಲೆಯೆತ್ತಿದರೆ ಅವಳು ನಗುತ್ತಿದ್ದಳು. ಮೂರು ವಾರದಲ್ಲಿ ಮೊದಲ ಸಲ.

"ಇರಲಿ ಬಿಡಿ. ಕೇಳಬೇಕಾದ್ದೇ. ಅವರಿದ್ದಿದ್ರೆ ನನ್ನನ್ನೂ ಬಿಡ್ತಿರಲಿಲ್ಲ" ಅಂದಳು. "ಒಂದು, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹಸಿರು ಟೂತ್‌ಬ್ರಷ್. ಬೀಗದ ತೂತು ಉಜ್ಜೋಕೆ ಅಂತ ನಂದೇ ಬ್ರಷ್ ಎತ್ಕೊಂಡು ಹೋಗಿದ್ರು. ಎರಡು, ನನ್ನ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಕೆಳಗೆ ಬಲಗಡೆ ಒಂದು ತೂತು. ನನ್ನ ಹಿಮ್ಮಡಿ ಗಾತ್ರದ್ದು."

"ತೂತು ಹೇಗಾಯ್ತು?" ಅಂದ ಗುಜರಿಯವನು. ಅವನಿಗೂ ಈಗ ಆಸಕ್ತಿ ಹುಟ್ಟಿತ್ತು.

"ಒಂಬತ್ತು ವರ್ಷ ಬ್ರೇಕ್ ಹಾಕಿದೀನಿ."

"ಮೂರನೇದು?" ಅಂದ ಗುಜರಿಯವನೇ ಮತ್ತೆ.

ಅವಳು ಕಾರಿನ ಗಾಜಿನ ಮೇಲಿನ ಧೂಳನ್ನು ನೋಡುತ್ತ ನಿಂತಳು. ಮೂರನೆಯದು ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಕಾರಿನಲ್ಲಿ ಎರಡೇ ವಸ್ತು ಗೊತ್ತು.

"ಎರಡು ಸಾಕು ಅತ್ತಿಗೆ" ಅಂದ ಎದುರಂಗಡಿಯವನು ಮೆಲ್ಲಗೆ.

"ಸಾಕಾಗಲ್ಲ. ಎರಡು ಊಹೆ ಆಗಬಹುದು." ಅವಳ ದನಿ ಗಟ್ಟಿಯಾಯಿತು. "ಹಾಗಾದ್ರೆ ಹೇಳ್ತೀನಿ ಕೇಳು. ಮೂರನೇದು, ನನ್ನ ಕೀ. ಮಾಡಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಒಂದು ಸಲನಾದ್ರೂ ಅವರು ನನ್ನ ಮಾತು ಕಿವಿಗೆ ಹಾಕ್ಕೊಂಡಿದ್ರೆ ಅದು ಒಳಗಿರುತ್ತೆ. ಇಲ್ಲ ಅಂದ್ರೆ ಇದು ನನ್ನ ಕಾರಲ್ಲ ಅಂತಾಯ್ತು. ಎಳ್ಕೊಂಡು ಹೋಗ್ಲಿ."

ಎದುರಂಗಡಿಯವನು ಗಾಳಿ ಒತ್ತಿದ. ಬಾಗಿಲು ಬೆರಳಷ್ಟು ಬಿರಿಯಿತು, ಸರಳು ಒಳಗೆ ಹೋಯಿತು, ಟಕ್ ಎಂದಿತು. ಒಳಗಿನಿಂದ ಯಂತ್ರದ ಎಣ್ಣೆಯೂ ಪೆಪ್ಪರ್‌ಮಿಂಟೂ ಸೇರಿದ ಮಾಮನ ವಾಸನೆ ಬಂತು.

ಡಬ್ಬಿಯಲ್ಲಿ ಹಸಿರು ಬ್ರಷ್ ಇತ್ತು. ಮ್ಯಾಟಿನ ಕೆಳಗೆ ತೂತೂ ಇತ್ತು; ಮಾಮನ ತಮ್ಮ ಬಗ್ಗಿ ನೋಡಿ ಮ್ಯಾಟನ್ನು ಮೊದಲಿನಂತೆ ಹಾಸಿದ. ಸೀಟುಗಳ ಕೆಳಗೆ ಎರಡು ಸವೆದ ಅರ, ಒಂದು ಛತ್ರಿಯ ಹಿಡಿಕೆ. ಡಿಕ್ಕಿಯಲ್ಲಿ ಜಾಕು, ಸ್ಪ್ಯಾನರ್. ಕೀ ಇಲ್ಲ.

"ಸರಿ" ಅಂದಳು ಅವಳು. ಗುಜರಿಯವನ ಕಡೆ ತಿರುಗಿದಳು. "ಕಟ್ಟಪ್ಪ ಹಗ್ಗ."

ಎದುರಂಗಡಿಯವನು ಮಾತ್ರ ಡಬ್ಬಿಯ ಮುಂದೆಯೇ ಕೂತಿದ್ದ. ಎರಡನೇ ಕೀಯನ್ನು ಕಾರಿನೊಳಗೆ ಇಡುವ ದಡ್ಡರು ಎಲ್ಲಿ ಇಡುತ್ತಾರೆಂದು ಮಾಮ ಅವನಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದ. ನೂರಕ್ಕೆ ತೊಂಬತ್ತು ಮಂದಿ, ಕಾರಿನ ಜೊತೆ ಬಂದ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯಲ್ಲಿ. ಯಾಕೆಂದರೆ ಆ ಪುಸ್ತಕವನ್ನು ಯಾರೂ ಓದುವುದಿಲ್ಲ. ಅವನು ಡಬ್ಬಿಯ ಆಳಕ್ಕೆ ಕೈ ಹಾಕಿ ಪುಸ್ತಕ ಎಳೆದ. ಹೊದಿಕೆಯ ಹಿಂಬದಿ ಉಬ್ಬಿತ್ತು.

ಹೊಸ ಕೀ. ಕಪ್ಪು ರಿಮೋಟಿನ ಗುಂಡಿಗಳ ಮೇಲಿನ ತೆಳುಹಾಳೆ ಕೂಡ ತೆಗೆದಿರಲಿಲ್ಲ. ಅವನು ಹಲ್ಲುಗಳ ಮೇಲೆ ಬೆರಳಾಡಿಸಿದ. ಯಂತ್ರದಿಂದ ತೆಗೆದು ಹಾಗೇ ಬಿಟ್ಟದ್ದಲ್ಲ. ಪ್ರತಿ ಅಂಚನ್ನೂ ಅರದಲ್ಲಿ ಉಜ್ಜಿ ಉಜ್ಜಿ ರೇಷ್ಮೆ ಮಾಡಿತ್ತು. ಅರ್ಧ ದಿನದ್ದಲ್ಲ, ಹಲವು ದಿನದ ಕೆಲಸ. ಬಾಯೇ ಬಿಡದ ಆ ಗಿರಾಕಿ ಯಾರೆಂದು ಅವನಿಗೆ ಆಗ ಹೊಳೆಯಿತು. ಕಟ್ಟಿದ್ದ ಚೀಟಿಯನ್ನು ಓದಲು ಹೋಗದೆ, ಎದ್ದು, ಕೀಯನ್ನು ಅವಳ ಅಂಗೈಯಲ್ಲಿ ಇಟ್ಟ.

ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು. ತಾರೀಖು ಒಂಬತ್ತು ವರ್ಷದ ಹಿಂದಿನದು, ಲೈಸೆನ್ಸ್ ಬಂದ ಎಂಟನೇ ದಿನದ್ದು. ಅದರ ಕೆಳಗೆ ಮಾಮನ ವಾಲು ಅಕ್ಷರ.

"ನಮ್ಮನೆಯವಳು. ಅವಸರವಿಲ್ಲ."

"ನೋಡು" ಅಂದಳು. "ನೋಡು ಈ ಮನುಷ್ಯನ್ನ." ಗದರಿಸಲು ಎತ್ತಿದ ದನಿ ಅರ್ಧಕ್ಕೇ ಒಡೆಯಿತು. "ಇನ್ನು ಕೇಳಲ್ಲ ಅಂದೆ. ಅದಕ್ಕೇ, ಕೇಳಲಿ ಅಂತ ಕಾದಿದಾರೆ. ನಾನು ಅವರು ಕೊಡಲಿ ಅಂತ ಕಾದಿದೀನಿ. ಇಬ್ಬರಿಗೂ ಬುದ್ಧಿ ಇರಲಿಲ್ಲ ಕಣಪ್ಪ."

"ಬೋರ್ಡ್ ಬರೆದವರೇ ಕಾರೊಳಗೆ ಇಟ್ಟಿದಾರೆ ಅತ್ತಿಗೆ."

"ಉಚಿತ ಅಂತ ಬರೆದಿದಾರಲ್ಲ, ಬೈತೀನಿ ತಾಳು. ಇಷ್ಟಕ್ಕೇ ಬಿಡೋಳಲ್ಲ ನಾನು." ಸೆರಗಿನಿಂದ ಕಣ್ಣೊರೆಸಿಕೊಂಡು ರಿಮೋಟಿನ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಅವಳ ಮುಖ ಕಪ್ಪಿಟ್ಟಿತು.

"ಗುಂಡಿಗೆ ಸೆಲ್ ಬೇಕು, ಅದು ಸತ್ತಿದೆ" ಅಂದ ಎದುರಂಗಡಿಯವನು. "ಎಂಜಿನ್ನಿಗೆ ಬೇಕಾದ ಚಿಪ್ಪಿಗೆ ಸೆಲ್ ಬೇಡ. ಅದಕ್ಕೆ ಗುರುತು ಮಾಡಿಸಿದ್ರೆ ಮುಗೀತು, ಮರೆಯಲ್ಲ. ಕೂತ್ಕೊಂಡು ತಿರುಗಿಸಿ."

"ಅತ್ತಿಗೆ, ನಿಮಗೆ ಓಡಿಸೋಕೆ..." ಎಂದು ಮಾಮನ ತಮ್ಮ ಶುರುಮಾಡಿದ. ಅವಳು ಚೀಲದಿಂದ ಪ್ಲಾಸ್ಟಿಕ್ ಹಾಕಿಸಿದ್ದ ಲೈಸೆನ್ಸ್ ತೆಗೆದು ಅವನ ಕೈಗೆ ಕೊಟ್ಟು, "ಪುರಾವೆ" ಅಂದು, ಡ್ರೈವರ್ ಸೀಟಿನಲ್ಲಿ ಕೂತಳು. ಸೀಟು ಮಾಮನ ಉದ್ದನೆಯ ಕಾಲಿನ ಅಳತೆಗಿತ್ತು. ಮುಂದಕ್ಕೆ ಎಳೆದುಕೊಂಡಳು. ಕೀ ತೂರಿಸಿದಳು. ಹಿಂದಕ್ಕೆಳೆಯುವುದು, ಎಡಕ್ಕೆ ಒತ್ತುವುದು ಏನೂ ಬೇಕಾಗಲಿಲ್ಲ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಮೂರು ವಾರ ನಿಂತಿದ್ದ ಎಂಜಿನ್ ಎರಡು ಸಲ ಗೊರಗೊರ ಅಂದು, ಮೂರನೆಯ ಸಲಕ್ಕೆ ಹಿಡಿಯಿತು.

ಎದುರಂಗಡಿಯವನು ಬಾಗಿಲ ಅಂಚು ಹಿಡಿದು ತಲೆ ತಗ್ಗಿಸಿದ. ಅವನ ಹೆಗಲು ಅಲುಗುತ್ತಿದ್ದದ್ದನ್ನು ಅವಳು ನೋಡಿದಳು, ನೋಡದವಳಂತೆ ಗೇರಿನ ಮೇಲೆ ಕೈಯಿಟ್ಟಳು.

"ಮೊದಲನೇದು ಮೇಲಕ್ಕೋ ಕೆಳಕ್ಕೋ?"

"ಮೇಲಕ್ಕೆ ಅತ್ತಿಗೆ" ಅಂದ ಅವನು, ಮೂಗೊರೆಸಿಕೊಳ್ಳುತ್ತ.

ಎರಡು ಸಲ ನಿಂತುಹೋಯಿತು. ಮೂರನೆಯ ಸಲ ಹಾರಿ ಮುಂದೆ ಬಂತು. ಗುಜರಿಯವನು ಹಗ್ಗ ಬಿಸಾಡಿ ರಸ್ತೆಯ ನಡುವೆ ಹೋಗಿ ಕೈಯೆತ್ತಿ ನಿಂತ, "ಬನ್ನಿ ಅಮ್ಮಾ, ಬನ್ನಿ ಬನ್ನಿ, ಇನ್ನೂ ಜಾಗ ಇದೆ" ಎನ್ನುತ್ತ. ನೀಲಿಯಾಗಿದ್ದ ಕಾರು ಅಂಗಡಿಯ ಮುಂದಿನಿಂದ ರಸ್ತೆಗಿಳಿಯಿತು. ಮೊದಲನೇ ಗೇರಿನಲ್ಲೇ ಹೊರಟಿತು. ಎರಡನೆಯದು ಎಲ್ಲಿದೆ ಎಂದು ಅವಳು ಕೇಳಿರಲಿಲ್ಲ. ಕೀಗೆ ಕಟ್ಟಿದ ರಟ್ಟಿನ ಚೀಟಿ ಅವಳ ಮೊಣಕಾಲ ಬಳಿ ತೂಗಾಡುತ್ತಿದ್ದದ್ದು ಸ್ವಲ್ಪ ದೂರದವರೆಗೂ ಅವನಿಗೆ ಕಂಡಂತಾಯಿತು.

ಅವಳ ಹಿಂದೆ ಕಾರುಗಳು ಸಾಲುಗಟ್ಟಿದವು. ಎಲ್ಲರೂ ಹಾರ್ನ್ ಒತ್ತಿದರು, ಗಾಜು ಇಳಿಸಿ ಕೂಗಿದರು. ಕೆಮ್ಮುವ ವಕೀಲರ ಬಿಳಿ ಕಾರೂ ಅದರಲ್ಲಿತ್ತು. ಅವಳು ಪಕ್ಕಕ್ಕೆ ಸರಿಯಲಿಲ್ಲ, ಬೇಗ ಹೋಗಲೂ ಇಲ್ಲ. ರಸ್ತೆಯ ತುದಿಯವರೆಗೆ ಆ ಸಾಲು ಹಾಗೇ ನಿಧಾನವಾಗಿ ಅವಳ ಹಿಂದೆ ಹೋಯಿತು. ಅದರಲ್ಲಿ ಅರ್ಧ ಕಾರುಗಳಿಗಾದರೂ ಕೀ ಮಾಡಿಕೊಟ್ಟವನು ಮಾಮನೇ. ಎಲ್ಲರಿಗೂ ಅವಸರ.